ಲಾಬಿ, ವಶೀಲಿ, ವಕಾಲತ್ತು: ಯಾವುದು ಎಲ್ಲಿ?

ಪ್ರಶ್ನೆ: ಅಮೆರಿಕದ ನಾಗರಿಕ ಹಕ್ಕುಗಳ ಕಾಯ್ದೆಗಳ ಬಗೆಗಿನ ಬರಹವೊಂದನ್ನು ಕನ್ನಡಿಸುತ್ತಿದ್ದೇನೆ. ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುವ ಎನ್‌ಎಎಸಿಪಿ ಸಂಘಟನೆಯ ಕ್ಲಾರೆನ್ಸ್ ಮಿಚೆಲ್ ಸೆನೆಟರುಗಳ ಬಳಿ ನಡೆಸುತ್ತಿದ್ದ ಲಾಬಿಗೆ ಕರಡಿನಲ್ಲಿ ‘ವಶೀಲಿ’ ಎಂದಿದೆ. ಬದಲಿಗೆ ಲಾಬಿ, ಅಡ್ವೊಕಸಿ (ಒಂದು ವಿಷಯದ ಪರ ದನಿ ಎತ್ತುವುದು) ಎರಡಕ್ಕೂ ‘ವಕಾಲತ್ತು’ ಎನ್ನಬಹುದೆ? ಮತದಾನದ ನಿಯಮ ಬದಲಿಸುವ ಮುನ್ನ ಕೆಲವು ಪ್ರದೇಶಗಳು ಪಡೆಯಬೇಕಿದ್ದ ‘ಪ್ರೀಕ್ಲಿಯರೆನ್ಸ್’ಗೆ ‘ಪೂರ್ವಾನುಮತಿ’ ಸಾಕೆ?

ಉತ್ತರ 1: ವಶೀಲಿ ಬೇಡವೇ ಬೇಡ. ತನಗೋ ತನ್ನವರಿಗೋ ನೌಕರಿ, ವರ್ಗಾವಣೆ ದಕ್ಕಿಸಿಕೊಳ್ಳಲು ದೊಡ್ಡವರನ್ನು ಹಿಡಿಯುವುದು ವಶೀಲಿ. ಮಿಚೆಲ್ ಅವರದು ಮತಗಳ ಲೆಕ್ಕಾಚಾರ. 1964ರ ನಾಗರಿಕ ಹಕ್ಕುಗಳ ಮಸೂದೆ ಸೆನೆಟ್‌ನಲ್ಲಿ ಫಿಲಿಬಸ್ಟರ್‌ಗೆ (ಮತಕ್ಕೆ ಹೋಗದಂತೆ ಚರ್ಚೆಯನ್ನು ಎಳೆಯುತ್ತಲೇ ಇರುವ ತಂತ್ರ) ಸಿಕ್ಕಿಬಿದ್ದಾಗ ಚರ್ಚೆ ಮುಗಿಸಲು ಮೂರನೇ ಎರಡರಷ್ಟು, ಅಂದರೆ 67 ಮತ ಬೇಕಿತ್ತು. ದಕ್ಷಿಣದ ಡೆಮಾಕ್ರಟರು ಎದುರು ನಿಂತಿದ್ದರಿಂದ ರಿಪಬ್ಲಿಕನ್ನರಿಲ್ಲದೆ ಆ ಸಂಖ್ಯೆ ಮುಟ್ಟುವಂತಿರಲಿಲ್ಲ. ಜೂನ್ 10ರಂದು 44 ಡೆಮಾಕ್ರಟರು, 27 ರಿಪಬ್ಲಿಕನ್ನರು ಸೇರಿ 71 ಆಯಿತು. ಯಾರು ಗಟ್ಟಿ, ಯಾರು ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದಾರೆ, ಅಂಥವರ ಬಳಿಗೆ ಅವರ ರಾಜ್ಯದ ಚರ್ಚಿನವರನ್ನು ಕಳಿಸಬೇಕೋ ಕಾರ್ಮಿಕ ಸಂಘದವರನ್ನೋ ಎಂದು ಹೊಂದಿಸುವುದೇ ಇಲ್ಲಿ ಲಾಬಿ.

ವಕಾಲತ್ತು ಎರಡಕ್ಕೂ ಒಗ್ಗದು. ಅಲ್ಲಿನ ತೆರಿಗೆ ಕಾನೂನು ಎರಡನ್ನೂ ಬೇರೆಯಾಗಿಯೇ ಎಣಿಸುತ್ತದೆ. ಮತದಾರರ ಪಟ್ಟಿಯಿಂದ ಹೆಸರು ಕೈಬಿಡುವುದರ ಪರಿಣಾಮ ಕುರಿತು ವರದಿ ತಂದರೆ ಅಡ್ವೊಕಸಿ. ‘ಈ ಮಸೂದೆಯನ್ನು ಬೆಂಬಲಿಸಿ’ ಎಂದು ಸೆನೆಟರನ್ನೇ ಕೇಳಿದರೆ ನೇರ ಲಾಬಿ. ‘ಮಸೂದೆ ಬೆಂಬಲಿಸುವಂತೆ ನಿಮ್ಮ ಸೆನೆಟರಿಗೆ ಫೋನ್ ಮಾಡಿ’ ಎಂದು ಜನರಿಗೆ ಕರೆ ಕೊಟ್ಟರೆ ತಳಮಟ್ಟದ ಲಾಬಿ. ಆ ತೆರಿಗೆ ಕಾನೂನಿನ 501(ಎಚ್) ಸೆಕ್ಷನ್ನಿನ ವೆಚ್ಚಮಿತಿಯನ್ನು ಆಯ್ದುಕೊಂಡ ದತ್ತಿ ಸಂಸ್ಥೆ ತನ್ನ ವೆಚ್ಚದ ಮೊದಲ 5 ಲಕ್ಷ ಡಾಲರಿನಲ್ಲಿ ಶೇ. 20ರಷ್ಟನ್ನು ಲಾಬಿಗೆ ಬಳಸಬಹುದು. ತಳಮಟ್ಟದ್ದಕ್ಕೆ ಆ ಮಿತಿಯ ಕಾಲುಭಾಗ ಮಾತ್ರ. ಹಾಗಾಗಿ ವರದಿ ತಂದದ್ದನ್ನೂ ‘ಲಾಬಿ’ ಎಂದು ಬರೆದರೆ ಸಂಸ್ಥೆಯ ಮೇಲೆ ಇಲ್ಲದ ಲೆಕ್ಕ ಹೊರಿಸಿದಂತೆ.

ಪೂರ್ವಾನುಮತಿ ಸರಿಯೇ. ಆದರೆ ಯಾರದೆಂದು ಒಮ್ಮೆ ಹೇಳಿಬಿಡಿ: ಫೆಡರಲ್ ನ್ಯಾಯ ಇಲಾಖೆಯದು, ಇಲ್ಲವೇ ವಾಷಿಂಗ್ಟನ್ನಿನ ಫೆಡರಲ್ ಜಿಲ್ಲಾ ನ್ಯಾಯಾಲಯದ್ದು. ಈ ಅನುಮತಿಯನ್ನು ಕಡ್ಡಾಯ ಮಾಡಿದ್ದ, 1965ರ ಮತದಾನ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ 2013ರಲ್ಲಿ ರದ್ದಾಯಿತು ಎಂದು ಬರೆಯುವವರೇ ಹೆಚ್ಚು. ಆ ವರ್ಷ ಅಲ್ಲಿನ ಸುಪ್ರೀಂ ಕೋರ್ಟಿನ ಶೆಲ್ಬಿ ಕೌಂಟಿ ತೀರ್ಪು ಕೆಡವಿದ್ದು ಯಾವ ಪ್ರದೇಶಗಳಿಗೆ ಅನ್ವಯ ಎಂದು ಗೊತ್ತುಮಾಡುವ 4(ಬಿ) ಸೂತ್ರವನ್ನು. 5ನೆಯದು ಕಾಗದದ ಮೇಲಿದೆ, ಚಾಲ್ತಿಯಲ್ಲಿಲ್ಲ. ‘ವಿಧಿ’ಯನ್ನು ಸಂವಿಧಾನಕ್ಕೇ ಬಿಡಿ, ಕಾಯ್ದೆಗೆ ಸೆಕ್ಷನ್ ಅಥವಾ ಕಲಂ.

ಉತ್ತರ 2: ‘ಸಚಿವ ಸ್ಥಾನಕ್ಕೆ ಲಾಬಿ’ ಎಂಬ ತಲೆಬರಹ ಓದಿ ಓದಿ ಲಾಬಿಗೂ ಕಳಂಕ ಅಂಟಿದೆ. ಮೊದಲ ಸಲ ‘ಶಾಸನಕ್ಕಾಗಿ ಲಾಬಿ’ ಎಂದು ಬರೆದು, ಮುಂದೆ ಬರೀ ಲಾಬಿ ಎಂದರೆ ಸಾಕು. ‘ಮನವೊಲಿಕೆ’ ಮೆದುವಾಯಿತು, ಮಸೂದೆ ಬೀಳಿಸಲು ನಡೆಸುವ ಲಾಬಿಗೆ ಅದು ಕೂರುವುದಿಲ್ಲ. ಇನ್ನೊಂದು: ಬರೀ ‘ಕಾಂಗ್ರೆಸ್ ಸದಸ್ಯರು’ ಎಂದರೆ ನಮ್ಮ ಓದುಗರಿಗೆ ಪಕ್ಷದವರು. ‘ಸೆನೆಟರು’, ‘ಪ್ರತಿನಿಧಿ ಸಭೆಯ ಸದಸ್ಯರು’ ಎಂದೇ ಬಿಡಿಸಿ ಬರೆಯಿರಿ.