ಜಪಾನೀಸ್‌ನಲ್ಲಿ ‘ಆದರೆ’ ಎಲ್ಲಿ ಇಡಬೇಕು? ಗಾ, ಕೆದೊ, ದೆಮೊ ಗೊತ್ತಿದ್ದವರು ಹೇಳಿ

ಬ್ರಹ್ಮಪುರದ ಹುಡುಗಿ, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ನಾನು ನರ್ಸಿಂಗ್ ಮುಗಿಸಿದ್ದೇನೆ. ಜಪಾನಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಬೇಕು ಅಂತ ಆಸೆ. ಅದಕ್ಕೆ ಎನ್4 ಮಟ್ಟದ ಭಾಷೆ ಬೇಕು (ಜಪಾನೀಸ್ ಭಾಷಾ ಪರೀಕ್ಷೆಯಲ್ಲಿ ಎನ್5 ಮೊದಲ ಮೆಟ್ಟಿಲು, ಎನ್1 ಕೊನೆಯದು). ಸದ್ಯ ಎನ್5 ಓದುತ್ತಿದ್ದೇನೆ. ಡಿಸೆಂಬರ್ ಮೊದಲ ಭಾನುವಾರ ಪರೀಕ್ಷೆ, ಹಿಂದಿನ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕು. ಕ್ಲಾಸು ಆನ್‌ಲೈನ್. ಮೇಡಂ ಇಂಗ್ಲಿಷಿನಲ್ಲಿ ಹೇಳುತ್ತಾರೆ, ನಾನು ಕನ್ನಡದಲ್ಲಿ ಯೋಚಿಸಿ ಬರೆಯುತ್ತೇನೆ. ಅಲ್ಲೇ ಎಡವಟ್ಟಾಗುತ್ತಿದೆ.

ನಿನ್ನೆ ಐದು ವಾಕ್ಯ ಬರೆದೆ, ನಾಲ್ಕಕ್ಕೆ ಕೆಂಪು ಗೆರೆ ಬಿತ್ತು. ‘ಇವತ್ತು ಬಿಸಿಲು, ಆದರೆ ಹೋಗುತ್ತೇನೆ’ ಅನ್ನುವುದಕ್ಕೆ ‘ಕ್ಯೋ ವಾ ಅತ್ಸುಯಿ ದೆಸ್. ಗಾ ಇಕಿಮಸ್’ ಅಂದೆ. ತಪ್ಪಂತೆ. ‘ಅತ್ಸುಯಿ ದಾ ಕೆದೊ’ ಅಂದೆ, ಅದೂ ತಪ್ಪು. ಇನ್ನೊಂದು ಕಡೆ ‘ನಿಹೊಂಗೊ ಗಾ ಸುಕಿ ದೆಸ್ ಗಾ, ಮುಜುಕಾಶೀ ದೆಸ್’ (ಜಪಾನೀಸ್ ಇಷ್ಟ, ಆದರೆ ಕಷ್ಟ) ಅಂತ ಓದಿದೆ. ಒಂದೇ ವಾಕ್ಯದಲ್ಲಿ ಎರಡು ಗಾ! ಯಾವುದು ‘ಆದರೆ’? ಎರಡು ದಿನದಿಂದ ಇದರಲ್ಲೇ ಸಿಕ್ಕಿಕೊಂಡಿದ್ದೇನೆ.

ಆಳಂದದ ಅಕ್ಕ:

ತಂಗಿ, ನಾನೂ ಮೊದಲು ಇದೇ ತಪ್ಪು ಮಾಡಿದವಳು. ಈಗ ಎನ್3 ಆಗಿದೆ. ನಿನ್ನ ತೊಂದರೆಯ ಬೇರು ‘ಆದರೆ’ ಪದದಲ್ಲೇ ಇದೆ. ಬರಹದ ಕನ್ನಡದಲ್ಲಿ ‘ಆದರೆ’ ಎರಡನೇ ಮಾತಿನ ತಲೆಯಲ್ಲಿ ಕೂರುತ್ತದೆ. ಅದರ ಹಿಂದೆ ಉಸಿರು ನಿಲ್ಲುತ್ತದೆ. ಗಾ ಹಾಗಲ್ಲ. ಅದು ಮೊದಲ ಮಾತಿನ ಬಾಲ. ಗಾ ಅಂದ ಮೇಲೆ ಉಸಿರು ನಿಲ್ಲಬೇಕು.

ಈಗ ಮನೆಯ ಮಾತು ನೆನಪಿಸಿಕೊ. ‘ರೊಟ್ಟಿ ಉಂಡೀನಿ ಖರೆ, ಹೊಟ್ಟಿ ತುಂಬಿಲ್ಲ’ ಅಂತೀವಿ ಅಲ್ವಾ? ‘ಬಿಸಿಲು ಅದ ಖರೆ, ಹೋಗಬೇಕು.’ ಈ ‘ಖರೆ’ ಎಲ್ಲಿ ಕೂತಿದೆ ನೋಡು. ಮೊದಲ ಮಾತಿಗೆ ಅಂಟಿ, ಕೊನೆಯಲ್ಲಿ. ಗಾ ಕೂರುವುದೂ ಅಲ್ಲೇ, ಕೆದೊ ಕೂರುವುದೂ ಅಲ್ಲೇ. ‘ಕ್ಯೋ ವಾ ಅತ್ಸುಯಿ ದೆಸ್ ಗಾ, ಇಕಿಮಸ್.’ ನಾನು ‘ಆದರೆ’ ಬಿಟ್ಟು ‘ಖರೆ’ಯಲ್ಲಿ ಯೋಚಿಸಲು ಶುರು ಮಾಡಿದ ಮೇಲೆ ಈ ತಪ್ಪು ನಿಂತೇಹೋಯಿತು. ಮನೆಯ ಮಾತನ್ನು ಹೊರಗಿಟ್ಟು ಭಾಷೆ ಕಲಿಯಬೇಡ ತಂಗಿ, ಇದನ್ನು ಮನಸ್ಸಿಟ್ಟು ಹೇಳುತ್ತಿದ್ದೇನೆ.

‘ಆದರೆ’ ಕೂರುವ ಜಾಗದಲ್ಲೇ ಕೂರುವುದು ದೆಮೊ. ಮೊದಲ ವಾಕ್ಯ ಪೂರ್ತಿ ಮುಗಿಸು, ಆಮೇಲೆ ‘ದೆಮೊ, ಇಕಿಮಸ್’. ಶಿಕಾಶಿ ಕೂಡ ಅಲ್ಲೇ ಬರುತ್ತದೆ, ಅದು ಬರಹಕ್ಕೆ, ಭಾಷಣಕ್ಕೆ. ಮಾತಿಗೆ ದೆಮೊ ಸಾಕು.

ಎರಡು ಗಾ ವಿಷಯ ಸುಲಭ. ಹೆಸರಿನ ಪದಕ್ಕೆ ಅಂಟಿದ್ದರೆ, ಅಂದರೆ ‘ನಿಹೊಂಗೊ ಗಾ’, ಅದು ವಿಭಕ್ತಿ. ದೆಸ್, ಮಸ್ ಆದ ಮೇಲೆ ಬಂದರೆ ‘ಖರೆ’.

ಇನ್ನು ದಾ, ಅಂದರೆ ದೆಸ್‌ನ ಸಲಿಗೆಯ ರೂಪ. ಅತ್ಸುಯಿ, ತಕಾಯ್, ಒಯಿಶೀ, ಇಂಥ ‘ಇ’ಯಲ್ಲಿ ಮುಗಿಯುವ ಇ-ಗುಣಪದಗಳಿಗೆ ದಾ ಬೇಡ, ಬರೀ ‘ಅತ್ಸುಯಿ ಕೆದೊ’. ಶಿಜುಕಾ (ಗದ್ದಲವಿಲ್ಲದ) ಥರದ ನಾ-ಗುಣಪದಗಳಿಗೆ, ಹೆಸರಿನ ಪದಗಳಿಗೆ ದಾ ಬೇಕು: ‘ಶಿಜುಕಾ ದಾ ಕೆದೊ’. ಗೆಳತಿಯರ ಜೊತೆ ಹೀಗೆ. ಮೇಡಂ ಜೊತೆ ಎಲ್ಲದಕ್ಕೂ ದೆಸ್ ಹಚ್ಚಿ ಗಾ ಅಥವಾ ಕೆದೊ ಅಂದರೆ ಆಯಿತು.

ಬೀದರ್ ಹುಡುಗ, ಈಗ ನಗೊಯಾ ಹತ್ತಿರ:

ಅಕ್ಕಾವ್ರು ಹೇಳಿದ್ದು ಸರಿ. ಆದರೆ ಒಂದು ಮಾತು ಸೇರಿಸಲೇಬೇಕು, ಏಕೆಂದರೆ ನೀವು ಬರುತ್ತಿರುವುದು ನನ್ನದೇ ಕೆಲಸಕ್ಕೆ. ಗಾ, ಕೆದೊ ಯಾವಾಗಲೂ ವಿರೋಧವನ್ನೇ ಹೇಳುವುದಿಲ್ಲ. ‘ಸುಮಿಮಸೆನ್ ಗಾ, ಮೊ ಇಚಿದೊ ಒನೆಗಾಯ್ಶಿಮಸ್’ ಅಂದರೆ ‘ತಪ್ಪು ತಿಳ್ಕೋಬೇಡಿ, ಇನ್ನೊಮ್ಮೆ ಹೇಳಿ’ ಅಂದಂತೆ. ಅಲ್ಲಿ ಗಾ ಮಾತನ್ನು ಮೆತ್ತಗೆ ಮಾಡುತ್ತದೆ, ಅಷ್ಟೇ. ಅಲ್ಲಿ ‘ಖರೆ’ ಹೊಂದುವುದಿಲ್ಲ.

ನಾನು ಬಂದ ಹೊಸದರಲ್ಲಿ ಒಬ್ಬ ಅಜ್ಜಿ ‘ಚೊತ್ತೊ ಇತಾಯ್ ನ್ ದೆಸ್ ಕೆದೊ...’ ಅಂದು ಸುಮ್ಮನಾದರು. ಸ್ವಲ್ಪ ನೋವಿದೆ, ಕೆದೊ. ಮುಂದಿನ ಮಾತು ಬರುತ್ತದೆ ಅಂತ ನಾನು ಕಾದೆ. ಬರಲಿಲ್ಲ. ‘ಬಂದು ನೋಡಪ್ಪಾ’ ಅನ್ನುವುದನ್ನು ಅವರು ಬಾಯಿ ಬಿಟ್ಟು ಹೇಳುವುದಿಲ್ಲ, ಕೆದೊದಲ್ಲೇ ಹೇಳಿ ಮುಗಿಸಿರುತ್ತಾರೆ. ಜೊತೆಯವರು ಬಂದು ಕಾಲ ಕೆಳಗಿನ ದಿಂಬು ಸರಿ ಮಾಡಿದರು. ಅಜ್ಜಿ ಅಷ್ಟು ಹೊತ್ತು ನೋವು ತಿಂದರಲ್ಲ ಅಂತ ಇವತ್ತಿಗೂ ಬೇಜಾರಿದೆ. ಕೆದೊ ಅಂತ ಮಾತು ನಿಂತರೆ ನೀವು ಎದ್ದು ಹೋಗಿ ಕೇಳಿ.

ಬ್ರಹ್ಮಪುರದ ಹುಡುಗಿ:

ಅಕ್ಕಾ, ಅಣ್ಣಾ, ತುಂಬಾ ಥ್ಯಾಂಕ್ಸ್. ‘ಖರೆ’ ಓದಿದ ಕೂಡಲೇ ತಲೆಯಲ್ಲಿ ಲೈಟ್ ಹತ್ತಿತು. ಅಜ್ಜಿಯ ವಿಷಯ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಬರೆದುಕೊಂಡೆ. ಈ ಮೂರು ನೋಡಿ:

ಶೇಂಗಾ ಚಟ್ನಿ ವಾ ಕರಾಯ್ ದೆಸ್ ಗಾ, ಒಯಿಶೀ ದೆಸ್.
ನಿಕು ವಾ ತಾಬೆಮಸೆನ್ ಗಾ, ತಾಮಾಗೊ ವಾ ತಾಬೆಮಸ್.
ಹಹ ಗಾ ಶಿಂಪಾಯ್ ಶಿತೆ ಇರು ನೋನಿ, ವತಾಶಿ ವಾ ಇಕಿಮಸ್.

ಮೊದಲನೆಯದು ‘ಶೇಂಗಾ ಚಟ್ನಿ ಖಾರ ಖರೆ, ರುಚಿ’, ಎರಡನೆಯದು ‘ಮಾಂಸ ತಿನ್ನಲ್ಲ ಖರೆ, ಮೊಟ್ಟೆ ತಿನ್ನುತ್ತೇನೆ’, ಮೂರನೆಯದು ‘ಅಮ್ಮ ಚಿಂತೆ ಮಾಡಿದರೂ ನಾನು ಹೋಗುತ್ತೇನೆ’ ಅಂತ. ನೋನಿ ಅಂದರೆ ‘ಆದರೂ’ ಅಂತ ಒಂದು ವಿಡಿಯೋದಲ್ಲಿ ನೋಡಿದ್ದೆ.

ಆಳಂದದ ಅಕ್ಕ:

ಮೊದಲೆರಡು ಚೆನ್ನಾಗಿವೆ. ಮೊಟ್ಟೆಯ ವಾಕ್ಯದಲ್ಲಿ ಎರಡೂ ಕಡೆ ವಾ ಇಟ್ಟಿದ್ದೀಯ, ಅದು ಬಹಳ ಸರಿ. ‘ಮಾಂಸ ಇಲ್ಲ, ಮೊಟ್ಟೆ ಆದರೆ ಆಗುತ್ತದೆ’ ಅನ್ನುವ ಎದುರು-ಬದುರು ಆ ವಾದಿಂದಲೇ ಬರುತ್ತದೆ.

ಮೂರನೆಯದರಲ್ಲಿ ನೋನಿ ಬೇಡ. ಅದು ಎನ್4ರ ಪಾಠ, ಆದರೂ ಈಗಲೇ ಹೇಳುತ್ತೇನೆ. ಕನ್ನಡದ ‘ದರೂ’ ಒಂದೇ, ಜಪಾನೀಸ್‌ನಲ್ಲಿ ಅದು ಎರಡಾಗಿ ಒಡೆಯುತ್ತದೆ. ‘ಮಳೆ ಬಂದರೂ ಹೋಗುತ್ತೇನೆ’ ಅಂದರೆ ‘ಆಮೆ ಗಾ ಫುತ್ತೆಮೊ ಇಕಿಮಸ್’. ‘ಮಳೆ ಬಂದರೂ ಸೆಕೆ ಹೋಗಲಿಲ್ಲವಲ್ಲ’ ಅಂದರೆ ‘ಆಮೆ ಗಾ ಫುತ್ತಾ ನೋನಿ, ಮದಾ ಅತ್ಸುಯಿ ದೆಸ್’. ನೋನಿ ಬಂದಲ್ಲಿ ಹೀಗಾಗಬಾರದಿತ್ತು ಅನ್ನುವ ಬೇಸರ ಇರುತ್ತದೆ. ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋದಾಗ ‘ಕೊನ್ನಾನಿ ಅತ್ಸುಯಿ ನೋನಿ, ತೇದೆನ್ ದೆಸ್’ ಅನ್ನು, ಸರಿಯಾಗಿ ಕೂರುತ್ತದೆ. ನೋನಿ ಆದ ಮೇಲೆ ‘ಬನ್ನಿ’, ‘ಮಾಡೋಣ’, ‘ಹೋಗುತ್ತೇನೆ’ ಥರದ ಮಾತು ಹೊಂದುವುದಿಲ್ಲ. ನಿನ್ನದು ಬೇಸರದ ಮಾತಲ್ಲ, ಗಟ್ಟಿ ನಿರ್ಧಾರ. ಅಮ್ಮನ ಚಿಂತೆಯನ್ನೂ ಒಪ್ಪಿಕೊಂಡು ಹೇಳುವ ಮಾತು. ಅಲ್ಲಿಗೆ ಗಾ ಸಾಕು:

ಹಹ ವಾ ಶಿಂಪಾಯ್ ಶಿತೆ ಇಮಸ್ ಗಾ, ವತಾಶಿ ವಾ ಇಕಿಮಸ್.