ಹುಡುಕಾಟದ ಅಂಕಿಗೆ ‘ಜನಪ್ರಿಯತೆ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ,

ಯಾವುದಾದರೂ ಸಾಫ್ಟ್‌ವೇರ್ ಬಗ್ಗೆ ಕನ್ನಡದಲ್ಲಿ ಬರೆಯುವಾಗ, ಜನ ಗೂಗಲ್‌ನಲ್ಲಿ ಏನನ್ನು ಹುಡುಕುತ್ತಿದ್ದಾರೆಂದು ತಿಳಿಸುವ ಗೂಗಲ್ ಟ್ರೆಂಡ್ಸ್‌ನ ಗ್ರಾಫ್ ತೋರಿಸಿ ‘ಇದರ ಜನಪ್ರಿಯತೆ ಏರಿದೆ’ ಎನ್ನುವುದು ರೂಢಿಯಾಗಿಬಿಟ್ಟಿದೆ. ನನಗೆ ಈ ಪದ ಒಗ್ಗುತ್ತಿಲ್ಲ. ಬೇರೆ ಯಾವ ಪದ ಸರಿಹೋದೀತು?

ಜನಪ್ರಿಯ ಎಂದರೆ ಜನರಿಗೆ ಪ್ರಿಯವಾದದ್ದು. ಹುಡುಕಿದ್ದೆಲ್ಲ ಪ್ರಿಯವಾಗಿರಬೇಕಿಲ್ಲವಲ್ಲ. ಲಾಗ್‌ಫೋರ್‌ಜೆ ಎಂಬ ಲೈಬ್ರರಿಯನ್ನೇ (ಬೇರೆ ಪ್ರೋಗ್ರಾಮ್‌ಗಳು ಬಳಸಿಕೊಳ್ಳುವ ಸಿದ್ಧ ಕೋಡ್) ನೋಡಿ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಪ್ರೋಗ್ರಾಮ್‌ಗಳು ತಮ್ಮ ಆಗುಹೋಗುಗಳನ್ನು ದಾಖಲಿಸಿಡಲು ಅದನ್ನು ಬಳಸುತ್ತವೆ. ವರ್ಷಗಟ್ಟಲೆ ಎಷ್ಟೋ ಸರ್ವರ್‌ಗಳಲ್ಲಿ ಸದ್ದಿಲ್ಲದೆ ದುಡಿಯುತ್ತಿತ್ತು, ಪ್ರೋಗ್ರಾಮರ್‌ಗಳ ಆಚೆ ಅದರ ಹೆಸರು ಕೇಳಿದವರೇ ಕಡಿಮೆ. 2021ರ ಡಿಸೆಂಬರ್‌ನಲ್ಲಿ ಅದರೊಳಗಿನ ಗಂಭೀರ ಭದ್ರತಾ ಲೋಪ ಬಯಲಾದದ್ದೇ ತಡ, ಹುಡುಕಾಟದ ಗೆರೆ ನೆಟ್ಟಗೆ ಮೇಲೆದ್ದಿತು. ಆ ವಾರ ಹೆಚ್ಚಿದ್ದು ಬಳಕೆಯಲ್ಲ, ಬಳಸುತ್ತಿದ್ದವರ ಗಾಬರಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಭದ್ರತಾ ಕಂಪನಿಯ ಒಂದು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೆಟ್ಟು ನಿಂತಾಗಲೂ ಜನ ಆ ಹೆಸರನ್ನು ಹುಡುಕಿದರು. ಇದನ್ನು ಜನಪ್ರಿಯತೆ ಎಂದು ಬರೆದರೆ ಓದುಗರನ್ನು ದಾರಿ ತಪ್ಪಿಸಿದಂತೆ.

‘ಹುಡುಕಾಟದ ಸಂಖ್ಯೆ’ ಎನ್ನೋಣವೇ ಎಂದರೆ ಅದೂ ನಿಲ್ಲುವುದಿಲ್ಲ. ಟ್ರೆಂಡ್ಸ್ ಕೊಡುವ 0ಯಿಂದ 100ರವರೆಗಿನ ಅಂಕಿ ಎಣಿಕೆಯಲ್ಲ. ಒಟ್ಟು ಹುಡುಕಾಟಗಳಲ್ಲಿ ಆ ಪದಕ್ಕೆ ಎಷ್ಟು ಪಾಲು ಎಂದು ನೋಡಿ, ನಾವು ಆಯ್ದುಕೊಂಡ ಅವಧಿಯಲ್ಲಿ ಆ ಪಾಲು ಅತಿ ಹೆಚ್ಚಿದ್ದ ಘಟ್ಟಕ್ಕೆ 100 ಕೊಡುತ್ತಾರೆ. ಉಳಿದದ್ದೆಲ್ಲ ಅದಕ್ಕೆ ಹೋಲಿಸಿ. ಒಟ್ಟು ಹುಡುಕಾಟವೇ ಬೆಳೆಯುತ್ತಿದ್ದರೆ, ಒಂದು ಹೆಸರನ್ನು ಮೊದಲಿಗಿಂತ ಹೆಚ್ಚು ಸಲ ಹುಡುಕಿದರೂ ಗೆರೆ ಇಳಿಯಬಹುದು.

ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಯಾವುದು ಮುಂದಿದೆ ಎಂದು ಹೇಳುವ ಪಟ್ಟಿಗಳಲ್ಲಂತೂ ಗೊಂದಲ ಇನ್ನೂ ಹೆಚ್ಚು. 2001ರಿಂದ ಬರುತ್ತಿರುವ ಟಿಯೋಬಿ ಸೂಚ್ಯಂಕ ನೋಡುವುದು ಭಾಷೆಯ ಹೆಸರು ಕೊಟ್ಟರೆ ಸರ್ಚ್ ಎಂಜಿನ್‌ಗಳು ಎಷ್ಟು ಪುಟ ತೋರಿಸುತ್ತವೆ ಎಂಬುದನ್ನು. ಪಿವೈಪಿಎಲ್ ಎಂಬ ಇನ್ನೊಂದು ಪಟ್ಟಿ ನೋಡುವುದು ಆ ಭಾಷೆಯ ಟ್ಯುಟೋರಿಯಲ್‌ಗಾಗಿ ಎಷ್ಟು ಹುಡುಕಾಟ ನಡೆದಿದೆ ಎಂಬುದನ್ನು. ಒಂದು ಬರೆದವರ ಲೆಕ್ಕ, ಇನ್ನೊಂದು ಕಲಿಯಲು ಹೊರಟವರ ಲೆಕ್ಕ. ಕನ್ನಡಕ್ಕೆ ಬರುವಾಗ ಎರಡೂ ‘ಜನಪ್ರಿಯತೆ’ಯೇ ಆಗುತ್ತವೆ.

ನನಗೆ ಹೊಳೆದದ್ದು ಇಷ್ಟು. ಟ್ರೆಂಡ್ಸ್‌ನ ಅಂಕಿಗೆ ‘ಹುಡುಕಾಟದ ಪಾಲು’, ನಿಜವಾದ ಬಳಕೆಗೆ ‘ಚಾಲ್ತಿ’. ‘ಆಸಕ್ತಿ’ ಎನ್ನೋಣವೆಂದರೆ ಅದರಲ್ಲಿ ಮತ್ತೆ ಒಲವು ನುಸುಳುತ್ತದೆ. ‘ಶೋಧ’ ಎಂದರೆ ಪೊಲೀಸರ ಶೋಧ, ವಿಜ್ಞಾನಿಗಳ ಶೋಧ ನೆನಪಾಗುತ್ತದೆ. ಹಾಗಾಗಿ ‘ಹುಡುಕಾಟ’ವೇ ಮೇಲು ಅನ್ನಿಸುತ್ತದೆ.

ಎರಡು ಅನುಮಾನ ಉಳಿದಿವೆ. ಹಳೆಯ ಪ್ರೋಗ್ರಾಮಿಂಗ್ ಭಾಷೆಯೊಂದರ ಬಗ್ಗೆ ‘ಕೋಬಾಲ್ ಇನ್ನೂ ಚಾಲ್ತಿಯಲ್ಲಿದೆ’ ಎನ್ನುವುದು ಸಹಜವಾಗಿಯೇ ಇದೆ, ಆದರೆ ಏರಿಳಿತ ಹೇಳುವಾಗ ‘ಪೈಥಾನ್‌ನ ಚಾಲ್ತಿ ಹೆಚ್ಚಿದೆ’ ಎಂದರೆ ನಿಮ್ಮ ಕಿವಿಗೆ ಸರಿ ಕೇಳುತ್ತದೆಯೇ? ‘ಹುಡುಕಾಟದ ಪಾಲು’ ತಲೆಬರಹದಲ್ಲಿ ಬಂದರೆ ವಿವರಣೆಯಿಲ್ಲದೆ ಅರ್ಥವಾದೀತೇ, ಅಥವಾ ಅದಕ್ಕಿಂತ ಚಿಕ್ಕ ಪದ ಯಾರಾದರೂ ಬಳಸುತ್ತಿದ್ದೀರಾ?