ಹ್ಯಾಲೋವೀನ್ ಸಂಜೆ ಮಕ್ಕಳ ಜೊತೆ ಹೊರಡುವ ಮುಂಚೆ

ಹ್ಯಾಲೋವೀನ್ ಅಂದರೆ ಅಕ್ಟೋಬರ್ 31ರ ಸಂಜೆ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಚಾಕ್ಲೇಟ್, ಕ್ಯಾಂಡಿ ಇಸ್ಕೊಂಡು ಬರುವ ಹಬ್ಬ. ಅಕ್ಟೋಬರ್ ಬಂತು ಅಂದರೆ ನಮ್ಮ ಗುಂಪಿಗೆ ಆ ಫಾರ್ವರ್ಡ್ ಬಂದೇ ಬರುತ್ತದೆ. ಯಾರೋ ಚಾಕ್ಲೇಟ್ ಒಳಗೆ ಬ್ಲೇಡ್ ಇಟ್ಟಿದ್ದರಂತೆ, ಇನ್ಯಾರೋ ವಿಷ ಹಾಕಿದ್ದರಂತೆ, ಮಕ್ಕಳನ್ನು ಕಳಿಸಬೇಡಿ ಅಂತ. ಈ ವರ್ಷವೇ ಬಂದಿಳಿದ ಕೆಲವು ಅಮ್ಮಂದಿರು ಅದನ್ನು ಓದಿ ಗಾಬರಿಯಾಗಿ ಕೇಳಿದ್ದಾರೆ. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಇಲ್ಲೇ ಹಾಕುತ್ತಿದ್ದೇನೆ. ನಾವಿರುವುದು ನ್ಯೂಜೆರ್ಸಿಯಲ್ಲಿ, ಹಾಗಾಗಿ ಹೇಳುವುದೆಲ್ಲ ಅಮೆರಿಕದ ಮಟ್ಟಿಗೆ.

ಮೊದಲು ವಿಷದ ಕಥೆ ಮುಗಿಸಿಬಿಡೋಣ. ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ 1958ರಿಂದ ಈಚಿನ ಪತ್ರಿಕಾ ವರದಿಗಳನ್ನು ಜಾಲಾಡಿದ್ದಾರೆ. ಮನೆಮನೆಗೆ ಹೋದ ಮಗು ಅಪರಿಚಿತರು ಕೊಟ್ಟ ತಿಂಡಿ ತಿಂದು ಸತ್ತಿತು ಅನ್ನುವ ಒಂದು ಖಚಿತ ಪ್ರಕರಣವೂ ಅವರಿಗೆ ಸಿಕ್ಕಿಲ್ಲ. ಎಲ್ಲರೂ ಎತ್ತಿ ತೋರಿಸುವ ಟೆಕ್ಸಸ್ ಘಟನೆ ನಿಜವಾಗಿ ನಡೆದದ್ದೇ, 1974ರಲ್ಲಿ. ಆದರೆ ಅಲ್ಲಿ ಸತ್ತ ಹುಡುಗನ ಕ್ಯಾಂಡಿಗೆ ಸಯನೈಡ್ ಬೆರೆಸಿದವನು ಅವನ ಸ್ವಂತ ಅಪ್ಪ, ಇನ್ಶೂರೆನ್ಸ್ ದುಡ್ಡಿನ ಆಸೆಗೆ. ಪಕ್ಕದ ಬೀದಿಯ ಅಜ್ಜಿಯನ್ನು ಅನುಮಾನದಿಂದ ನೋಡಲು ಅದು ಕಾರಣವಾಗಬೇಕಿಲ್ಲ. ಮನೆಗೆ ಬಂದಮೇಲೆ ಚೀಲ ಸುರಿದು, ಹರಿದ ಪ್ಯಾಕೆಟ್ ಇದ್ದರೆ ಬಿಸಾಡಿ. ಅಷ್ಟು ಸಾಕು.

ನಾನು ಹೆದರುವುದು ಕಾರಿಗೆ. ಜಾಮಾ ಪೀಡಿಯಾಟ್ರಿಕ್ಸ್ ಅನ್ನುವ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ 1975ರಿಂದ 2016ರವರೆಗಿನ ಹ್ಯಾಲೋವೀನ್ ಸಂಜೆಗಳನ್ನು ನೋಡಿದೆ. ಒಂದು ವಾರ ಹಿಂದಿನ ಮತ್ತು ಒಂದು ವಾರ ಮುಂದಿನ ಸಂಜೆಗೆ ಹೋಲಿಸಿದರೆ, ಹ್ಯಾಲೋವೀನ್ ಸಂಜೆ ನಡೆದುಹೋಗುವವರು ವಾಹನಕ್ಕೆ ಸಿಕ್ಕಿ ಸಾಯುವ ಅಪಾಯ ಶೇ. 43ರಷ್ಟು ಜಾಸ್ತಿ. 4ರಿಂದ 8 ವರ್ಷದ ಮಕ್ಕಳಲ್ಲಿ ಅದು 10 ಪಟ್ಟು. ಇಡೀ ದೇಶಕ್ಕೆ ಲೆಕ್ಕ ಹಾಕಿದರೆ ವರ್ಷಕ್ಕೆ ಸರಾಸರಿ 4 ಹೆಚ್ಚುವರಿ ಸಾವು, ಅಂದರೆ ಮನೆಯಲ್ಲೇ ಕೂಡಿಹಾಕುವಂಥ ವಿಷಯವೂ ಅಲ್ಲ. ಆದರೆ ಗಮನ ಎಲ್ಲಿರಬೇಕು ಅನ್ನುವುದು ಗೊತ್ತಾಯಿತಲ್ಲ.

ಅದೇ ಅಧ್ಯಯನದ ಪ್ರಕಾರ ಅಪಾಯ ಜಾಸ್ತಿ ಇರುವುದು ಸಂಜೆ 6ರ ಆಸುಪಾಸಿನಲ್ಲಿ. ಯೋಚನೆ ಮಾಡಿ, ಆ ಹೊತ್ತಿನಲ್ಲಿ ರಸ್ತೆ ಮೇಲೆ ಇರುವವರು ಯಾರು? ಆಫೀಸ್ ಮುಗಿಸಿ, ಮಗಳು ಸ್ಪೈಡರ್‌ಮ್ಯಾನ್ ವೇಷ ಹಾಕಿಕೊಂಡು ಕಾಯ್ತಿದ್ದಾಳೆ ಅಂತ ಓಡೋಡಿ ಬರುವ ನಮ್ಮಂಥ ಅಪ್ಪ ಅಮ್ಮಂದಿರೇ. ನಮ್ಮ ಕಡೆ ಅಕ್ಟೋಬರ್ 31ರಂದು 6 ಗಂಟೆಗೆ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ. ಹಾಗಾಗಿ ನನ್ನ ಮೊದಲನೇ ಸಲಹೆ ಮಕ್ಕಳಿಗಲ್ಲ, ದೊಡ್ಡವರಿಗೆ. ಆ ದಿನ ಮೀಟಿಂಗ್ ಮುಂದಕ್ಕೆ ಹಾಕಿ, 4 ಗಂಟೆಗೆಲ್ಲ ಮನೆ ಸೇರಿ. ತಡವಾದರೆ ತಡವಾಗಲಿ, ನಿಮ್ಮ ಬಡಾವಣೆಯೊಳಗೆ ಆಮೆ ನಡಿಗೆಯಲ್ಲಿ ಕಾರು ಓಡಿಸಿ. ಡ್ರೈವ್‌ವೇಯಿಂದ ಹಿಂದಕ್ಕೆ ತೆಗೆಯುವ ಮುಂಚೆ ಒಮ್ಮೆ ಇಳಿದು ನೋಡಿ.

ನಡೆಯುವಾಗ ಒಂದು ಬದಿಯ ಮನೆಗಳನ್ನೆಲ್ಲ ಮುಗಿಸಿ, ಆಮೇಲೆ ಮೂಲೆಯಲ್ಲಿ ದಾಟಿ ಇನ್ನೊಂದು ಬದಿಗೆ ಬನ್ನಿ. ಮಕ್ಕಳು ಎದುರುಗಡೆ ದೊಡ್ಡ ಚಾಕ್ಲೇಟ್ ಕೊಡ್ತಿದ್ದಾರೆ ಅಂತ ಗೊತ್ತಾದ ತಕ್ಷಣ ನಿಂತಿರುವ ಎರಡು ಕಾರಿನ ನಡುವಿನಿಂದ ನುಗ್ಗುತ್ತಾರೆ. ಬರುವ ಕಾರಿನವರಿಗೆ ಆ ಮಗು ಕಾಣಿಸುವುದೇ ಇಲ್ಲ. ಸಿಗ್ನಲ್ ಇರುವ ಕಡೆಯೂ ಹುಷಾರು. ಇಲ್ಲಿ ಹೆಚ್ಚಿನ ಕಡೆ ಕೆಂಪು ದೀಪ ಇದ್ದಾಗಲೂ ನಿಂತು ಬಲಕ್ಕೆ ತಿರುಗಬಹುದು. ತಿರುಗುವವರು ಎಡಗಡೆಯಿಂದ ಕಾರು ಬರುತ್ತಿದೆಯಾ ಅಂತ ನೋಡುತ್ತಿರುತ್ತಾರೆ, ಬಲಗಡೆ ದಾಟಲು ನಿಂತ ಮಗುವನ್ನಲ್ಲ.

ಊರಿಂದ ಅಜ್ಜಿ ತಾತ ಬಂದಿದ್ದರೆ ಮಕ್ಕಳ ಜವಾಬ್ದಾರಿಯನ್ನು ಅವರಿಗೊಬ್ಬರಿಗೇ ಬಿಡಬೇಡಿ. ಅವರ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಜೀವನವಿಡೀ ಮೊದಲು ಬಲಕ್ಕೆ ನೋಡಿ ರಸ್ತೆ ದಾಟಿದವರು ಅವರು. ಇಲ್ಲಿ ಕಾರು ಮೊದಲು ಬರುವುದು ಎಡದಿಂದ. ಕತ್ತಲಲ್ಲಿ, ಗಡಿಬಿಡಿಯಲ್ಲಿ ಹಳೇ ಅಭ್ಯಾಸವೇ ಮುಂದೆ ಬಂದುಬಿಡುತ್ತದೆ. ಜೊತೆಗೆ ಒಬ್ಬರು ಇಲ್ಲಿನ ರಸ್ತೆ ಗೊತ್ತಿದ್ದವರು ಇರಲಿ.

ನಮ್ಮವರ ಇನ್ನೊಂದು ಅಭ್ಯಾಸ, ಐದಾರು ಮನೆಯವರು ಒಟ್ಟಿಗೆ ಹೊರಡುವುದು. ಚೆನ್ನಾಗಿರುತ್ತದೆ, ಬೇಡ ಅನ್ನಲ್ಲ. ಆದರೆ ದೊಡ್ಡವರು ಎಂಟು ಜನ ಇದ್ದಾಗ ಗ್ರೀನ್ ಕಾರ್ಡ್ ಮಾತು ಶುರುವಾಗುತ್ತದೆ, ಮಕ್ಕಳನ್ನು ಇನ್ಯಾರೋ ನೋಡ್ತಿದ್ದಾರೆ ಅಂತ ಪ್ರತಿಯೊಬ್ಬರೂ ಅಂದುಕೊಂಡಿರುತ್ತಾರೆ. ಹೊರಡುವಾಗಲೇ ಹೆಸರು ಹಿಡಿದು ಹೇಳಿಬಿಡಿ: ಮುಂದೆ ಇವರು, ಹಿಂದೆ ಅವರು. ಆ ಇಬ್ಬರ ಫೋನ್ ಜೇಬಿನಲ್ಲೇ ಇರಲಿ, ಫೋಟೋ ಬೇರೆಯವರು ತೆಗೆಯಲಿ. ಚಿಕ್ಕ ಮಕ್ಕಳ ಕೈ ಮೇಲೆ ಪೆನ್ನಲ್ಲಿ ನಿಮ್ಮ ನಂಬರ್ ಬರೆಯಿರಿ. ಹಾಗೇ ನಿಮ್ಮ ಪೂರ್ತಿ ಹೆಸರನ್ನು ಬಾಯಿಪಾಠ ಮಾಡಿಸಿ. ತಪ್ಪಿಸಿಕೊಂಡ ಮಗುವನ್ನು ಪೊಲೀಸರು ನಿಮ್ಮಮ್ಮನ ಹೆಸರೇನು ಅಂತ ಕೇಳಿದರೆ "ಅಮ್ಮ" ಅಂದುಬಿಟ್ಟರೆ ಏನು ಪ್ರಯೋಜನ?

ಒಂಟಿಯಾಗಿ ಕಳಿಸುವುದು ಯಾವ ವಯಸ್ಸಿಗೆ ಅಂತ ಕೇಳಿದ್ದಿರಿ. 12ಕ್ಕಿಂತ ಚಿಕ್ಕವರ ಜೊತೆ ದೊಡ್ಡವರು ಇರಲೇಬೇಕು ಅನ್ನುವುದು ಇಲ್ಲಿ ಸಾಮಾನ್ಯವಾಗಿ ಕೊಡುವ ಸಲಹೆ. ನನ್ನದೂ ಅದೇ. ಅದಕ್ಕಿಂತ ದೊಡ್ಡವರು ಗೆಳೆಯರ ಜೊತೆ ಹೋಗಲಿ, ಯಾವ ಬೀದಿ, ಎಷ್ಟು ಗಂಟೆಗೆ ವಾಪಸ್ ಅನ್ನುವುದು ಗೊತ್ತಿರಲಿ.

ಮೈಸೂರು ಕಡೆಯವರಿಗೆ ಈ ಸುತ್ತಾಟ ಹೊಸದೇನಲ್ಲ. ದಸರಾ ಸಂಜೆ "ಗೊಂಬೆ ಕೂರಿಸಿದ್ದೀರಾ?" ಅಂತ ಮನೆಮನೆ ಬಾಗಿಲು ತಟ್ಟಿ ಚರ್ಪು (ಗೊಂಬೆ ನೋಡಲು ಬಂದ ಮಕ್ಕಳಿಗೆ ಕೊಡುವ ತಿಂಡಿ) ಇಸ್ಕೊಂಡು ಬರುತ್ತಿದ್ದವರು ನಾವು. ಒಂದೇ ವ್ಯತ್ಯಾಸ ಅಂದರೆ, ಅಲ್ಲಿ ಒಳಗೆ ಹೋಗಿ ಗೊಂಬೆ ನೋಡಿ, ಹಾಡು ಹೇಳಿದರೆ ತಾನೇ ಚರ್ಪು? ಇಲ್ಲಿ ಹೊಸ್ತಿಲು ದಾಟಬಾರದು. ನಮ್ಮ ಮಕ್ಕಳು ಯಾವ ಆಂಟಿ ಮನೆಯಾದರೂ ಶೂ ಬಿಚ್ಚಿ ಸೀದಾ ಒಳಗೆ ನಡೆದುಬಿಡುತ್ತಾರೆ, ಅದಕ್ಕೇ ಇದನ್ನು ಮೊದಲೇ ಹೇಳಿಕೊಡಬೇಕು. ಪೋರ್ಚ್ ಲೈಟ್ ಉರಿಯುತ್ತಿದ್ದರೆ ಬನ್ನಿ ಅಂತ ಅರ್ಥ. ಆರಿಸಿದ್ದರೆ ಆ ಮನೆ ಬಿಟ್ಟು ಮುಂದೆ ಹೋಗಿ, ಬೆಲ್ ಒತ್ತಬೇಡಿ. ಬಾಗಿಲು ತೆಗೆದಾಗ ನಾಯಿ ಹೊರಗೆ ನುಗ್ಗುವುದೂ ಉಂಟು, ಮೆಟ್ಟಿಲ ಮೇಲೆ ಒಂದು ಹೆಜ್ಜೆ ಹಿಂದೆ ನಿಂತರೆ ಒಳ್ಳೆಯದು.

ಬಟ್ಟೆ ವಿಷಯಕ್ಕೆ ಬರೋಣ. ಕಣ್ಣಿಗೆ ಅಡ್ಡ ಬರುವ ಮಾಸ್ಕ್‌ಗಿಂತ ಮುಖಕ್ಕೆ ಬಣ್ಣ ಹಚ್ಚುವುದು ಮೇಲು, ಆದರೆ ಎರಡು ದಿನ ಮುಂಚೆ ಕೈ ಮೇಲೆ ಸ್ವಲ್ಪ ಹಚ್ಚಿ ನೋಡಿ. ವೇಷ ನೆಲಕ್ಕೆ ಎಳೆಯುವಂತಿದ್ದರೆ ಮಡಚಿ ಹೊಲಿಯಿರಿ. ಚಳಿ ಅಂತ ವೇಷದ ಮೇಲೆ ಜಾಕೆಟ್ ಹಾಕಿದರೆ ವೇಷವೂ ಕಾಣಲ್ಲ, ಕಾರಿನವರಿಗೆ ಕಾಣಲಿ ಅಂತ ವೇಷಕ್ಕೆ ಅಂಟಿಸಿದ ಹೊಳೆಯುವ ಟೇಪೂ ಕಾಣಲ್ಲ. ಬೆಚ್ಚನೆಯದನ್ನು ಒಳಗೆ ಹಾಕಿ. ಹದಿಹರೆಯದವರು ಬೆಕ್ಕಿನ ಕಣ್ಣಿನ ಕಾಂಟ್ಯಾಕ್ಟ್ ಲೆನ್ಸ್ ಕೇಳುತ್ತಾರೆ. ಡಾಕ್ಟರ್ ಚೀಟಿ ಇಲ್ಲದೆ ಅದನ್ನು ಮಾರುವುದೇ ಇಲ್ಲಿ ಕಾನೂನುಬಾಹಿರ, ಕಣ್ಣಿಗೆ ಸೋಂಕು ಬೇರೆ.

ಇದರ ಜೊತೆಗೆ ನಮಗೆ ಮಾತ್ರ ಇರುವ ಒಂದು ಸಂಗತಿ ಇದೆ. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಂದಿತ್ತು. 2027ರಲ್ಲಿ ದೀಪಾವಳಿ ಅಮಾವಾಸ್ಯೆ ಅಕ್ಟೋಬರ್ 29ಕ್ಕೆ, ಅಂದರೆ ಮತ್ತೆ ಎರಡೂ ಪಕ್ಕಪಕ್ಕ. ಮೆಟ್ಟಿಲ ಮೇಲೆ ಸಾಲಾಗಿ ಹಣತೆ, ಅದೇ ಮೆಟ್ಟಿಲು ಹತ್ತಿ ಬರುವ ಮಕ್ಕಳ ಮೈಮೇಲೆ ತೆಳ್ಳನೆಯ ಪಾಲಿಯೆಸ್ಟರ್ ಕೇಪು. ದಯವಿಟ್ಟು ಆ ಎರಡು ಗಂಟೆ ಹೊರಗೆ ಬ್ಯಾಟರಿ ದೀಪ ಇಡಿ. ಎಣ್ಣೆ ದೀಪ ದೇವರ ಮನೆಯಲ್ಲಿರಲಿ, ಇಲ್ಲವೇ ಮಕ್ಕಳೆಲ್ಲ ಹೋದಮೇಲೆ ಹಚ್ಚಿ. ಹಾಗೇ, ಹ್ಯಾಲೋವೀನ್‌ಗೆ ಅಂತ ಕೆತ್ತಿ ಹೊರಗಿಡುವ ಕುಂಬಳಕಾಯಿ ಒಳಗೂ ಮೇಣದ ಬತ್ತಿ ಬೇಡ.

ತಿನ್ನುವುದರ ಬಗ್ಗೆ. 5 ಗಂಟೆಗೇ ಹೊಟ್ಟೆ ತುಂಬ ಅನ್ನ ಸಾರು ತಿನ್ನಿಸಿ ಕರೆದುಕೊಂಡು ಹೋಗಿ, ದಾರಿಯಲ್ಲಿ ಚೀಲಕ್ಕೆ ಕೈ ಹಾಕುವುದು ತಪ್ಪುತ್ತದೆ. 4 ವರ್ಷದೊಳಗಿನವರಿಗೆ ಗಟ್ಟಿ ಕ್ಯಾಂಡಿ, ಕಡಲೆಬೀಜ, ಚೂಯಿಂಗ್ ಗಮ್ ಕೊಡಲೇಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನಟ್ಸ್ ಅಲರ್ಜಿ ಇರುವ ಮಕ್ಕಳಿದ್ದರೆ ಎಪಿಪೆನ್ (ಅಲರ್ಜಿ ಜೋರಾದಾಗ ತಕ್ಷಣ ಕೊಡುವ ಇಂಜೆಕ್ಷನ್) ಜೊತೆಯಲ್ಲೇ ಇರಲಿ. ಚಿಕ್ಕ ಸೈಜಿನ ಪ್ಯಾಕೆಟ್ ಮೇಲೆ ಎಷ್ಟೋ ಸಲ ಒಳಗೆ ಏನೇನಿದೆ ಅನ್ನುವ ಪೂರ್ತಿ ಪಟ್ಟಿ ಇರುವುದಿಲ್ಲ, ಕೆಲವು ಸಲ ದೊಡ್ಡದರಲ್ಲಿ ಇಲ್ಲದ್ದು ಚಿಕ್ಕದರಲ್ಲಿ ಇರುತ್ತದೆ. ಸಸ್ಯಾಹಾರಿ ಮನೆಯವರ ಪ್ರಶ್ನೆ ಜೆಲಟಿನ್, ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವಂಥದ್ದು. ಸ್ಟಾರ್‌ಬರ್ಸ್ಟ್, ಮಾರ್ಷ್‌ಮೆಲೋ, ಹೆಚ್ಚಿನ ಗಮ್ಮಿಗಳಲ್ಲಿ (ಮೆತ್ತಗೆ ಜಗಿಯುವ ಕ್ಯಾಂಡಿ) ಅದು ಇರುತ್ತದೆ. ಬಾಗಿಲಲ್ಲೇ ನಿಂತು "ಇದು ನಾವು ತಿನ್ನಲ್ಲ" ಅಂತ ಮಗು ವಾದ ಮಾಡುವುದು ಬೇಡ. ಥ್ಯಾಂಕ್ಸ್ ಹೇಳಿ ತರಲಿ, ಮನೆಯಲ್ಲಿ ನೀವು ಅದಕ್ಕೆ ಬದಲು ಬೇರೆ ಕೊಡಿ. ನಿಜವಾಗಿ ಹುಷಾರಾಗಿರಬೇಕಾದ್ದು ಗಾಂಜಾ ಬೆರೆತ ಗಮ್ಮಿಗೆ, ಅದೂ ನಮ್ಮದೇ ನೆಂಟರಿಷ್ಟರ ಮನೆಯ ಡ್ರಾಯರ್‌ನಲ್ಲಿ ಇರುವಂಥದ್ದಕ್ಕೆ. ಮಾಮೂಲಿ ಕ್ಯಾಂಡಿ ಥರವೇ ಕಾಣುತ್ತದೆ. ಮಗು ಏನಾದರೂ ತಿಂದಿರಬಹುದು ಅನ್ನಿಸಿದರೆ ವಿಷದ ಸಹಾಯವಾಣಿ ಪಾಯಿಸನ್ ಕಂಟ್ರೋಲ್ 1-800-222-1222, ದಿನದ 24 ಗಂಟೆಯೂ ಸಿಗುತ್ತಾರೆ. ಉಸಿರಾಟಕ್ಕೆ ತೊಂದರೆಯಾದರೆ ನೇರ 911.

ನಿಮ್ಮ ಮನೆಯಲ್ಲಿ ಹಂಚುವವರು ಚಕ್ಲಿ, ಕೋಡುಬಳೆ ಕೊಡಲು ಹೋಗಬೇಡಿ. ಎಷ್ಟೇ ಪ್ರೀತಿಯಿಂದ ಕರಿದಿದ್ದರೂ ಗುರುತಿಲ್ಲದ ಮನೆಯವರು ಅದನ್ನು ಬಿಸಾಡುತ್ತಾರೆ. ಸಕ್ಕರೆ ಹಂಚಲು ಮನಸ್ಸಿಲ್ಲದಿದ್ದರೆ ಪೆನ್ಸಿಲ್, ಸ್ಟಿಕ್ಕರ್ ಇಟ್ಟು, ಬಾಗಿಲಿಗೆ ನೀಲಿ-ಹಸಿರು ಬಣ್ಣದ ಕುಂಬಳಕಾಯಿ ಇಡಿ. 2012ರಲ್ಲಿ ಟೆನ್ನೆಸ್ಸಿಯಲ್ಲಿ ಶುರುವಾದ ಪದ್ಧತಿ ಇದು. ಅಲರ್ಜಿ ಇರುವ ಮಕ್ಕಳ ಅಪ್ಪ ಅಮ್ಮಂದಿರು ಅದನ್ನು ಹುಡುಕಿಕೊಂಡೇ ಬರುತ್ತಾರೆ. ಬಟನ್ ಬ್ಯಾಟರಿ ಇರುವ ಮಿಣಿಮಿಣಿ ಉಂಗುರ ಮಾತ್ರ ಬೇಡ, ಚಿಕ್ಕ ಮಗು ನುಂಗಿದರೆ ಅನ್ನನಾಳವನ್ನೇ ಸುಟ್ಟುಬಿಡುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಎಲ್ಲಿ ಹೋಗಬೇಕು ಅಂತ ಕೇಳಿದ್ದರಲ್ಲ. ಮೊದಲು ನಿಮ್ಮ ಕಟ್ಟಡದ ಲೀಸಿಂಗ್ ಆಫೀಸಿನಲ್ಲಿ (ಬಾಡಿಗೆ ನೋಡಿಕೊಳ್ಳುವ ಕಚೇರಿ) ವಿಚಾರಿಸಿ, ಕೆಲವು ಕಡೆ ಕ್ಯಾಂಡಿ ಕೊಡುವ ಮನೆಗಳ ಪಟ್ಟಿ ಮಾಡಿರುತ್ತಾರೆ. ಇಲ್ಲದಿದ್ದರೆ ಸೈಡ್‌ವಾಕ್ ಮತ್ತು ಬೀದಿ ದೀಪ ಎರಡೂ ಇರುವ ಹತ್ತಿರದ ಬಡಾವಣೆಗೆ ಹೋಗಿ. ಕಾರನ್ನು ಒಂದೇ ಕಡೆ ನಿಲ್ಲಿಸಿ ನಡೆಯಿರಿ. ಮನೆಯಿಂದ ಮನೆಗೆ ಕಾರು ಓಡಿಸಿಕೊಂಡು ಮಕ್ಕಳನ್ನು ಇಳಿಸಿ ಹತ್ತಿಸುವವರನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ತೀರಾ ಪುಟ್ಟ ಮಕ್ಕಳಿಗೆ ಶಾಲೆ, ಚರ್ಚ್ ಪಾರ್ಕಿಂಗ್ ಲಾಟ್‌ನಲ್ಲಿ ನಡೆಯುವ ಟ್ರಂಕ್-ಆರ್-ಟ್ರೀಟ್ (ನಿಲ್ಲಿಸಿದ ಕಾರುಗಳ ಡಿಕ್ಕಿಯಿಂದಲೇ ಕ್ಯಾಂಡಿ ಹಂಚುವುದು) ಆರಾಮ. ಕೆಲವು ಊರುಗಳಲ್ಲಿ ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆ ಅಂತ ಸಮಯ ಗೊತ್ತು ಮಾಡಿರುತ್ತಾರೆ. ನಿಮ್ಮ ಟೌನ್‌ದು ಗೊತ್ತಿದ್ದವರು ಕೆಳಗೆ ಹಾಕಿ, ಈ ವರ್ಷ ಬಂದವರಿಗೆ ಉಪಯೋಗವಾಗುತ್ತದೆ.